ಎಲ್ಲರ ಕೈ ದಾಟಿದ ಮರಳು

ಸಲಂಗಾನ್, ಬೆಂಗೆಟ್
೪ ಫೆಬ್ರವರಿ ೧೯೯೨

ಮನಿಲಾದ ಅದಿರು ಪರೀಕ್ಷಾಲಯದ ಇಂಜಿನಿಯರ್ ಅವರಿಗೆ,

ನಮ್ಮ ಊರಿನ ಚಿನ್ನದ ಗಿರಣಿಯ ಸಂಘದ ಪರವಾಗಿ ಬರೆಯುತ್ತಿದ್ದೇನೆ. ನಾನು ಪೆಲಾಗಿಯಾ ಬಗ್ನಿ. ಗಿರಣಿಯ ಪುಸ್ತಕ ಬರೆಯುವವಳು. ಹನ್ನೊಂದು ಮನೆಯವರು ಸೇರಿ ಇಟ್ಟುಕೊಂಡ ಗಿರಣಿ ಇದು. ಗಂಡಸರು ಬೆಟ್ಟದೊಳಗಿಂದ ಕಲ್ಲು ಹೊತ್ತು ತರುತ್ತಾರೆ. ಹೆಂಗಸರು ಅದನ್ನು ಸುತ್ತಿಗೆಯಲ್ಲಿ ಹುಣಿಸೆಬೀಜದಷ್ಟಕ್ಕೆ ಒಡೆಯುತ್ತೇವೆ. ಉರುಳೆ ಎಂಟು ಗಂಟೆ ಅರೆಯುತ್ತದೆ. ಅರೆದ ಕೆಸರು ಗೋಣಿ ಹಾಸಿದ ಓರೆ ಹಲಗೆಯ ಮೇಲೆ ಹರಿಯುತ್ತದೆ, ಭಾರದ್ದು ಗೋಣಿಯಲ್ಲಿ ನಿಲ್ಲುತ್ತದೆ. ಅದನ್ನು ಮರದ ತಟ್ಟೆಯಲ್ಲಿ ತೊಳೆದು, ಬಿಳಿಗಾರ ಹಾಕಿ ಕರಗಿಸುತ್ತೇವೆ. ಪಾದರಸ ನಾವು ಮುಟ್ಟುವುದಿಲ್ಲ.

ಡೀಸೆಲ್ ದುಬಾರಿಯಾಗಿದೆ. ಉರುಳೆಯೊಳಗಿನ ಕಬ್ಬಿಣದ ಗುಂಡುಗಳು ನಿಂಬೆಹಣ್ಣಿನಷ್ಟಿದ್ದವು ಆರೇ ತಿಂಗಳಿಗೆ ಗೋಲಿಯಷ್ಟಾಗುತ್ತವೆ. ಪಂಪುಗಳು ಎರಡು: ಒಂದು ಗಿರಣಿಗೆ, ಇನ್ನೊಂದು ಕೆಳಗಿನ ತೊಟ್ಟಿಗಳಿಗೆ. ಸಂಘದ ಹಿರಿಯ ಫೆರ್ಮಿನ್ ಕಿತಾನ್ ಹೋದ ಸಭೆಯಲ್ಲಿ, "ಹಿಂಗೇ ಆದ್ರೆ ನಾವು ಚಿನ್ನ ತೆಗೀತಿಲ್ಲ ಕಣ್ರೋ, ಡೀಸೆಲ್ ಅರೀತಿದೀವಿ" ಎಂದರು. ಖರ್ಚು ಇಳಿಸುವ ದಾರಿ ತಾವು ತೋರಿಸಬೇಕು. ನಮ್ಮ ಗಿರಣಿ ಎಷ್ಟು ಚಿನ್ನ ಹಿಡಿಯುತ್ತಿದೆ, ಎಷ್ಟು ಕಳೆಯುತ್ತಿದೆ ಎಂಬುದೂ ನಮಗೆ ಗೊತ್ತಿಲ್ಲ.

ವಿಧೇಯಳು,
ಪೆಲಾಗಿಯಾ ಬಗ್ನಿ


ಮನಿಲಾ
೧೯ ಫೆಬ್ರವರಿ ೧೯೯೨

ಶ್ರೀಮತಿ ಪೆಲಾಗಿಯಾ ಅವರಿಗೆ,

ನಿಮ್ಮ ಪತ್ರ ನನ್ನ ಮೇಜಿಗೆ ಬಂತು. ನನ್ನ ಹೆಸರು ಹರ್ಮಿನಿಯಾ ಲಕ್ಸಮಾನಾ. ಇಪ್ಪತ್ತು ವರ್ಷದಿಂದ ಇಲ್ಲಿ ಕಲ್ಲುಗಳನ್ನು ಪರೀಕ್ಷಿಸುತ್ತಿದ್ದೇನೆ. ತೊಂಬತ್ತರ ಭೂಕಂಪದಲ್ಲಿ ಕೆಟ್ಟ ನಿಮ್ಮ ಕಡೆಯ ರಸ್ತೆಗೆ ನನ್ನ ಮೊಣಕಾಲು ಒಪ್ಪುವುದಿಲ್ಲ. ಆದ್ದರಿಂದ ಗಿರಣಿಯೇ ಇಲ್ಲಿಗೆ ಬರಲಿ, ಮೂರು ಚೀಲಗಳಲ್ಲಿ. ಒಂದರಲ್ಲಿ ಅರೆಯುವ ಮುಂಚಿನ ಕಲ್ಲು. ಒಂದರಲ್ಲಿ ಗೋಣಿ ಹಿಡಿದದ್ದು. ಇನ್ನೊಂದರಲ್ಲಿ ಕೊನೆಗೆ ಉಳಿಯುವ ಮರಳು. ಪ್ರತಿಯೊಂದನ್ನೂ ಎಷ್ಟು ತೂಕದ ರಾಶಿಯಿಂದ ತೆಗೆದಿರಿ ಎಂದು ಬರೆಯಿರಿ.

ನೀವು ಗುಂಡುಗಳ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ. ಇಲ್ಲಿಗೆ ಬರುವ ಪತ್ರಗಳಲ್ಲಿ ಯಾರೂ ನಿಂಬೆಹಣ್ಣಿನ ಹೆಸರು ಹೇಳುವುದಿಲ್ಲ.

ಹರ್ಮಿನಿಯಾ


ಸಲಂಗಾನ್
೬ ಮಾರ್ಚ್ ೧೯೯೨

ಇಂಜಿನಿಯರ್ ಅಮ್ಮನವರಿಗೆ,

ಚೀಲಗಳನ್ನು ತರಕಾರಿ ಲಾರಿಯಲ್ಲಿ ಕಳಿಸಿದ್ದೇನೆ. ಎಲೆಕೋಸಿನ ವಾಸನೆ ಬಂದರೆ ಕ್ಷಮಿಸಿ. ತೂಕಗಳನ್ನು ಚೀಟಿಯಲ್ಲಿ ಬರೆದಿದ್ದೇನೆ.

ಮೂರನೆಯದು, ನೀವು ಕೇಳಿದ ಕೊನೆಯ ಮರಳು, ಎಲ್ಲರ ಕೈ ದಾಟಿ ಬಂದದ್ದು. ನಮ್ಮಲ್ಲಿ ಮರಳನ್ನು ಹಾಗೇ ಹೊರಗೆ ಹಾಕುವುದಿಲ್ಲ. ಕೆಳಗಿನ ತೊಟ್ಟಿಗಳಲ್ಲಿ ನಮ್ಮಮ್ಮ ದಂಗ್ಸಿ ಮತ್ತು ಇನ್ನು ಆರು ಜನ ವಯಸ್ಸಾದ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಅದನ್ನು ತೊಳೆಯುತ್ತಾರೆ. ಅವರು ಬಿಟ್ಟ ಮೇಲೆಯೇ ಅದಕ್ಕೆ ಉಳಿದದ್ದು ಎಂದು ಹೆಸರು. ಅಜ್ಜಿಯ ಕಾಲದಿಂದ ಹೀಗೇ. ಬೆಟ್ಟದಲ್ಲಿ ಒಳ್ಳೆಯ ಚಿನ್ನದ ಎಳೆ ಸಿಕ್ಕಿದಾಗ ಸುರಂಗದ ಬಾಯಿಗೆ ಬಂದವರಿಗೆಲ್ಲ ಕಲ್ಲು ಕೊಡುತ್ತಾರಲ್ಲ, ಇದೂ ಅಂಥದ್ದೇ. ಕೊಡದಿದ್ದರೆ ಎಳೆ ಬೆಟ್ಟದೊಳಗೆ ಹಿಂದಕ್ಕೆ ಸರಿಯುತ್ತದೆ ಎನ್ನುತ್ತಾರೆ.

ತೊಟ್ಟಿಗಳಾಚೆ ಅವರು ಬಿಟ್ಟದ್ದು ಬೀಳುವ ಗುಂಡಿಯಿಂದ ನಾನು ಮರಳು ತುಂಬುವಾಗ ಅಮ್ಮ, "ಯಾರಿಗೇ ಅದು?" ಎಂದಳು. ಮನಿಲಾಕ್ಕೆ ಎಂದೆ. "ಅಲ್ಲಿ ಮರಳಿಲ್ವಂತಾ, ಪಾಪ" ಎಂದು ಎಲ್ಲರೂ ನಕ್ಕರು. ಅಮ್ಮನಿಗೆ ಎಪ್ಪತ್ತೆಂಟು. ಅಪ್ಪ ಹೋದಾಗಿನಿಂದ ತನ್ನ ಅಕ್ಕಿಯನ್ನು ತಾನೇ ಕೊಳ್ಳುತ್ತಾಳೆ, ನನ್ನ ಮಡಕೆಯಿಂದ ಒಂದು ಹಿಡಿಯೂ ಮುಟ್ಟುವುದಿಲ್ಲ. ಬೆಳಗಿನ ಮಂಜಿನಲ್ಲಿ ಆ ಏಳು ಜನರ ಬೆನ್ನು ಮಾತ್ರ ಕಾಣುತ್ತದೆ, ತೊಟ್ಟಿ ಕಾಣುವುದಿಲ್ಲ. ಮೋಡದಲ್ಲೇ ಕೈಯಿಟ್ಟು ಏನೋ ಹುಡುಕುತ್ತಿದ್ದಾರೆ ಅನ್ನಿಸುತ್ತದೆ.

ಪೆಲಾಗಿಯಾ


ಮನಿಲಾ
೨ ಏಪ್ರಿಲ್ ೧೯೯೨

ಪ್ರಿಯ ಪೆಲಾಗಿಯಾ,

ಸಂತೋಷದ ಸುದ್ದಿ. ನಿಮ್ಮ ಕಲ್ಲಿನಲ್ಲಿದ್ದ ಚಿನ್ನ ನೂರು ಪಾಲು ಎಂದಿಟ್ಟುಕೊಂಡರೆ ಮರಳಿನಲ್ಲಿ ಉಳಿದದ್ದು ಎಂಟೇ ಪಾಲು. ಅಂದರೆ ನೂರರಲ್ಲಿ ತೊಂಬತ್ತೆರಡು ನಿಮ್ಮ ಕೈಗೆ ಬರುತ್ತಿದೆ. ಗೋಣಿಚೀಲ ಹಾಸಿದ ಹಲಗೆಯಿಂದ! ಇಲ್ಲಿ ಕೋಟಿ ಸುರಿದು ಯಂತ್ರ ಕೂರಿಸಿದವರು ಎಂಬತ್ತೈದಕ್ಕೆ ಸಿಹಿ ಹಂಚುತ್ತಾರೆ. ವರದಿಯನ್ನು ಪಕ್ಕದ ಮೇಜಿನವನಿಗೆ ಓದಿ ಹೇಳಿದೆ. "ಬೆಟ್ಟದವರು ನಿಮಗೆ ಏನೋ ಮಾಟ ಮಾಡಿದಾರೆ ಮೇಡಂ" ಎಂದ.

ಹಿಡಿಯುವುದರಲ್ಲಿ ನಾನು ಕಲಿಸುವಂಥದ್ದು ಏನೂ ಇಲ್ಲ. ಖರ್ಚಿನ ಮಾತು ಮಾತ್ರ. ಮರಳನ್ನು ತೊಳೆದು ಕಳಿಸುವ ನಿಮ್ಮೂರಿನ ಪದ್ಧತಿಯನ್ನು ಓದಿ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ತೀರಿಕೊಂಡವರಿಗೆ ಕೊನೆಯ ಸ್ನಾನ ಮಾಡಿಸುವ ಹಾಗೆ, ಬೆಟ್ಟದ್ದನ್ನು ಬೆಟ್ಟಕ್ಕೆ ತೊಳೆದು ಒಪ್ಪಿಸುವುದು. ಆದರೆ ಚಿನ್ನವಿಲ್ಲದ ಮರಳಿಗಾಗಿ ಒಂದು ಪಂಪು ದಿನವಿಡೀ ಓಡುತ್ತಿದೆ. ಅದನ್ನು ನಿಲ್ಲಿಸಿ. ಗಿರಣಿಯ ಬಾಯಿಂದ ಗುಂಡಿಗೆ ನೇರ ಒಂದು ಕೊಳವೆ ಹಾಕಿದರೆ ಸಾಕು. ಡೀಸೆಲ್ಲಿನಲ್ಲಿ ಐದನೇ ಒಂದು ಭಾಗ ಉಳಿಯುತ್ತದೆ. ಆ ಅಜ್ಜಿಯರಿಗೂ ವಿಶ್ರಾಂತಿ ಸಿಗಲಿ.

ನಿಮ್ಮ,
ಹರ್ಮಿನಿಯಾ


ಸಲಂಗಾನ್
೨೭ ಏಪ್ರಿಲ್ ೧೯೯೨

ಇಂಜಿನಿಯರ್ ಅಮ್ಮನವರಿಗೆ,

ವರದಿ ತಲುಪಿತು. ಸಭೆಯಲ್ಲಿ ಓದಿದೆ. ಎಲ್ಲರಿಗೂ ಸಂತೋಷವಾಯಿತು. ಫೆರ್ಮಿನ್ ಅದನ್ನು ಗಾಜು ಹಾಕಿಸಿ ಗಿರಣಿಯ ಗೋಡೆಗೆ ತೂಗುಹಾಕಿದ್ದಾರೆ. ಎರಡನೆಯ ಪಂಪನ್ನು ಸೋಮವಾರ ನಿಲ್ಲಿಸಿದರು. ಕೊಳವೆಯೂ ಬಂದಿದೆ.

ಅಮ್ಮ ಈಗ ಮನೆಯಲ್ಲೇ ಇರುತ್ತಾಳೆ.

ವಂದನೆಗಳು,
ಪೆಲಾಗಿಯಾ


ಮನಿಲಾ
೧೫ ಮೇ ೧೯೯೨

ಪ್ರಿಯ ಪೆಲಾಗಿಯಾ ಅಕ್ಕ,

ಅಕ್ಕ ಎಂದದ್ದಕ್ಕೆ ಬೇಸರವಿಲ್ಲ ತಾನೆ? ನಿಮ್ಮ ಪತ್ರ ಬಹಳ ಚಿಕ್ಕದಾಯಿತು. ಅಮ್ಮ ಮನೆಯಲ್ಲಿ ಹಾಯಾಗಿದ್ದಾರೆಂದು ತಿಳಿದು ನೆಮ್ಮದಿಯಾಯಿತು. ಈ ವಯಸ್ಸಿನಲ್ಲಿ ನೀರಿನಲ್ಲಿ ಕೈಯಿಟ್ಟು ಕೂರುವುದು ಸುಲಭವೇ?

ನಿನ್ನೆ ಊಟದ ನಂತರ ಮೇಜಿನ ಮೇಲೆಯೇ ಕಣ್ಣು ಹತ್ತಿತು. ಕನಸಿನಲ್ಲಿ ನಾನು ನಿಮ್ಮ ಬೆಟ್ಟದೊಳಗಿದ್ದೆ. ಗೋಡೆಗಳು ಒದ್ದೆಯಾಗಿ ಉಸಿರಾಡುತ್ತಿದ್ದವು. ಏಳು ಬೆನ್ನುಗಳು ಕಂಡವು. ಮುಖ ನೋಡಬೇಕೆಂದು ಸುತ್ತಿ ಎದುರಿಗೆ ಹೋದರೆ ಅಲ್ಲಿಯೂ ಬೆನ್ನುಗಳೇ. ಎಚ್ಚರವಾದಾಗ ಕೆನ್ನೆಯ ಮೇಲೆ ಪೆನ್ಸಿಲಿನ ಗುರುತು ಮೂಡಿತ್ತು. ಪಕ್ಕದವನು ನಗುತ್ತಿದ್ದ.

ಜೂನ್‌ನಲ್ಲಿ ಇಲ್ಲಿ ಒಂದು ಸಭೆಯಿದೆ. ನಿಮ್ಮ ಗಿರಣಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಒಪ್ಪಿಗೆಯೇ?

ಹರ್ಮಿನಿಯಾ


ಮನಿಲಾ
೨೦ ಜೂನ್ ೧೯೯೨

ಪೆಲಾಗಿಯಾ ಅಕ್ಕ,

ಉತ್ತರ ಬರಲಿಲ್ಲ. ಗುಡ್ಡ ಕುಸಿದು ರಸ್ತೆ ಮುಚ್ಚಿದೆಯೆಂದು ಪತ್ರಿಕೆಯಲ್ಲಿ ಓದಿದೆ. ಹಾಗೆಂದು ಸಮಾಧಾನ ಮಾಡಿಕೊಳ್ಳಬಹುದಿತ್ತು, ಆಗಲಿಲ್ಲ.

ಸಭೆಯಲ್ಲಿ ನಾನು ಮಾತನಾಡಲಿಲ್ಲ. ಮಾತಿಗೆ ಸಿದ್ಧವಾಗಲು ನಿಮ್ಮ ಮೂರು ಚೀಲಗಳ ಅಂಕಿಗಳನ್ನು ಮತ್ತೆ ತೆಗೆದೆ. ಈಗ ಬರೆಯುವುದನ್ನು ಏಪ್ರಿಲ್‌ನಲ್ಲೇ ಬರೆಯಬೇಕಿತ್ತು. ಕಲ್ಲಿನಲ್ಲಿ ನೂರು ಪಾಲು. ಗೋಣಿ ಹಿಡಿದದ್ದು ಎಪ್ಪತ್ತು. ಮರಳಿನಲ್ಲಿ ಎಂಟು. ಕೂಡಿದರೆ ಎಪ್ಪತ್ತೆಂಟು. ಉಳಿದ ಇಪ್ಪತ್ತೆರಡು ಎಲ್ಲಿ? ಅಂದು ನನಗೆ ಇದು ಕಂಡಿತ್ತು. ಹಳ್ಳಿಯ ತಕ್ಕಡಿ, ತೂಕದಲ್ಲಿ ಹೆಚ್ಚುಕಮ್ಮಿ ಇರುತ್ತದೆ ಎಂದುಕೊಂಡೆ. ಬೇರೆ ಯಾರದಾದರೂ ಆಗಿದ್ದರೆ ಚೀಲ ವಾಪಸು ಕಳಿಸುತ್ತಿದ್ದೆ. ನಿಮ್ಮ ಪತ್ರ ಓದಿದ ಮೇಲೆ ಆ ತೊಂಬತ್ತೆರಡು ನಿಜವಾಗಲಿ ಎಂದು ನನಗೇ ಆಸೆಯಾಗಿತ್ತು. ಸುಂದರವಾದ ಅಂಕಿ ನನ್ನ ಮೇಜಿಗೆ ಬಂದು ಬಹಳ ವರ್ಷವಾಗಿತ್ತು.

ದಯವಿಟ್ಟು ಇನ್ನೊಂದು ಚೀಲ ಕಳಿಸಿ. ಈ ಸಲ ಕೊಳವೆಯ ಬಾಯಿಂದ, ಯಾರ ಕೈಯೂ ಸೋಕುವ ಮುಂಚೆ. ತೊಟ್ಟಿಗಳಲ್ಲಿ ಅಮ್ಮ ನಿಜವಾಗಿ ಏನು ಮಾಡುತ್ತಿದ್ದರು?

ಹರ್ಮಿನಿಯಾ


ಸಲಂಗಾನ್
೧೧ ಜುಲೈ ೧೯೯೨

ಹರ್ಮಿನಿಯಾ,

ಚೀಲ ಇದರ ಜೊತೆಗಿದೆ. ಪರೀಕ್ಷೆ ಮಾಡದೆಯೂ ನಾನು ಹೇಳಬಲ್ಲೆ, ನಿಮ್ಮ ಇಪ್ಪತ್ತೆರಡು ಪಾಲು ಅದರಲ್ಲೇ ಇರುತ್ತದೆ.

ಅಮ್ಮ ಚಿನ್ನ ತೆಗೆಯುತ್ತಿದ್ದಳು. ಏಳು ಜನರೂ ಅದರಲ್ಲೇ ಬದುಕುತ್ತಿದ್ದರು. ಗಂಡನಿಲ್ಲದವರು, ಸುರಂಗಕ್ಕೆ ಕಳಿಸಲು ಗಂಡುಮಕ್ಕಳಿಲ್ಲದವರು. ಗಿರಣಿ ಬಿಟ್ಟದ್ದು ಅವರದು. ಎಷ್ಟು ಎಂದು ಯಾರೂ ಕೇಳುವಂತಿಲ್ಲ, ಅವರೂ ಹೇಳುವಂತಿಲ್ಲ. ಅರೆದು ಅರೆದು ಹೂವಿನ ಎಸಳಿನ ಹಾಗೆ ತೆಳ್ಳಗಾದ ಚಿನ್ನ ನೀರಿನ ಮೇಲೆ ತೇಲುತ್ತದೆ. ಗೋಣಿಗೆ ಅದು ಸಿಗುವುದಿಲ್ಲ. ತಲೆಗೆ ಹಚ್ಚುವ ಬಳ್ಳಿತೊಗಟೆಯ ನೊರೆಯನ್ನು ಅಮ್ಮ ಎರಡು ಹನಿ ಬಿಡುತ್ತಾಳೆ, ತೇಲುವ ಚಿನ್ನ ಮುಳುಗುತ್ತದೆ. ಅಷ್ಟೇ ಅವಳ ವಿದ್ಯೆ.

ನಿಮ್ಮ ವರದಿಯನ್ನು ಸಭೆಯಲ್ಲಿ ಓದುತ್ತ ತೊಂಬತ್ತೆರಡು ಎಂದು ಬಾಯಿಂದ ಬಂದ ಕ್ಷಣವೇ ತಪ್ಪು ಎಲ್ಲಾಗಿದೆ ಎಂದು ನನಗೆ ಗೊತ್ತಾಯಿತು. ಗುಂಡಿಯಿಂದ ತುಂಬಿದವಳು ನಾನೇ ತಾನೆ. ಆದರೂ ಸುಮ್ಮನಿದ್ದೆ. ಮರಳಿನಲ್ಲಿ ಚಿನ್ನವಿದೆ ಎಂದರೆ ಅದನ್ನೂ ಹಿಡಿಯುವ ಯಂತ್ರ ಬೇಕೆನ್ನುತ್ತಾರೆ, ಫೆರ್ಮಿನ್‌ನ ಅಳಿಯ ರೊಲಾಂಡೊ ಹೋದ ವರ್ಷದಿಂದ ಅದನ್ನೇ ಹೇಳುತ್ತಿದ್ದಾನೆ. ಇಲ್ಲ ಎಂದೇ ಇರಲಿ, ಪಂಪಿನ ವಿಷಯ ಹೇಗೂ ಮರೆಯುತ್ತಾರೆ ಎಂದುಕೊಂಡೆ. ಅವರು ಮರೆಯಲಿಲ್ಲ. ಸೋಮವಾರ ಏಳು ಜನ ತಟ್ಟೆ ಹಿಡಿದು ಇಳಿದುಹೋದರು, ತೊಟ್ಟಿಗಳು ಒಣಗಿದ್ದವು.

ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಮರಳಿನಲ್ಲಿ ಏನೂ ಇಲ್ಲವೆಂದು ಮನಿಲಾದ ಕಾಗದ ಹೇಳಿದೆ ಎಂದಾಗ ಅಮ್ಮ ಬಹಳ ಹೊತ್ತು ಕೈ ನೋಡಿಕೊಂಡಳು. ಆಮೇಲೆ, "ಏನೂ ಇಲ್ದೇ ಇರೋದ್ರಲ್ಲಿ ಇಷ್ಟು ವರ್ಷ ಕೊಟ್ರಲ್ಲ, ಒಳಗಿರೋರು. ಈಗ ಸಾಕು ಅಂದಿದಾರೆ, ಅಷ್ಟೆಯ" ಎಂದಳು. ಬೆಟ್ಟದೊಳಗಿರುವ ಹಿರಿಯರೇ ತಟ್ಟೆಗೆ ಚಿನ್ನ ಹಾಕುತ್ತಿದ್ದರು ಎಂದು ಅವಳು ನಂಬಿಬಿಟ್ಟಿದ್ದಾಳೆ, ಅವರು ಕೈ ಹಿಂತೆಗೆದರು ಎಂದೂ. ಹಗಲೆಲ್ಲ ಮಲಗಿರುತ್ತಾಳೆ. ಅಕ್ಕಿ ಬೇಯಿಸಿ ಇಟ್ಟರೆ, "ಅದು ನಿನ್ನ ಅಕ್ಕಿ" ಎಂದು ಪಕ್ಕಕ್ಕೆ ಸರಿಸುತ್ತಾಳೆ. ಹಿತ್ತಲಿನ ಗೆಣಸು ಮಾತ್ರ ತಿನ್ನುತ್ತಾಳೆ, ನೆಟ್ಟವಳು ತಾನೆಂದು. ಅದೂ ದಿನಕ್ಕೆ ಒಂದು. ತೋಳು ಬೆಂಕಿಕಡ್ಡಿಯಂತಾಗಿದೆ. ಅವಳ ಪಕ್ಕ ಕೂರುತ್ತಿದ್ದ ಸಬೀನಾ ಬಾಗಿಯೋ ಪೇಟೆಗೆ ಹೋದಳು, ಯಾರದೋ ಮನೆಯಲ್ಲಿ ಬಟ್ಟೆ ಒಗೆಯಲು. ಎಪ್ಪತ್ತು ವರ್ಷ ಅವಳಿಗೆ.

ನಿಜ ಹೇಳಿದರೂ ತೊಟ್ಟಿ ಹೋಗುತ್ತದೆ, ಹೇಳದಿದ್ದರೂ ಹೋಗಿದೆ. ನಾನು ಏನು ಮಾಡಲಿ?

ಪೆಲಾಗಿಯಾ


ಮನಿಲಾ
೩೦ ಜುಲೈ ೧೯೯೨

ಪೆಲಾಗಿಯಾ ಅಕ್ಕ,

ಮಾರ್ಚ್‌ನ ಪತ್ರವನ್ನು ಮತ್ತೆ ಓದಿದೆ. ನೀವು ಏನನ್ನೂ ಮುಚ್ಚಿಟ್ಟಿರಲಿಲ್ಲ. ಎಲ್ಲರ ಕೈ ದಾಟಿ ಬಂದದ್ದು ಎಂದು ನೇರವಾಗಿ ಬರೆದಿದ್ದಿರಿ. ನಾನು ಅದನ್ನು ಕವಿತೆಯ ಹಾಗೆ ಓದಿದೆ. ಚೀಟಿಯ ಹಾಗೆ ಓದಬೇಕಿತ್ತು.

ಹೊಸ ಚೀಲದ ಮರಳಿನಲ್ಲಿ ಮೂವತ್ತು ಪಾಲು ಇದೆ. ಹಾಗಾದರೆ ಗಿರಣಿ ಹಿಡಿಯುವುದು ಎಪ್ಪತ್ತೇ. ಭೂತಗನ್ನಡಿಯಲ್ಲಿ ನೋಡಿದೆ, ನೀವು ಹೇಳಿದ ಎಸಳುಗಳು ಕಂಡವು. ಅವನ್ನು ಅಷ್ಟು ತೆಳ್ಳಗೆ ಬಡಿಯುತ್ತಿರುವುದು ನಿಮ್ಮ ಉರುಳೆಯೇ. ಕಲ್ಲಿನಿಂದ ಚಿನ್ನ ಐದನೇ ಗಂಟೆಗೇ ಬಿಡಿಸಿಕೊಂಡಿರುತ್ತದೆ. ಆಮೇಲಿನ ಮೂರು ಗಂಟೆ ನೀವು ಡೀಸೆಲ್ ಸುಟ್ಟು, ಗುಂಡು ಸವೆಸಿ, ಸಿಕ್ಕಿದ ಚಿನ್ನವನ್ನೇ ತೇಲುವಂತೆ ಮಾಡುತ್ತಿದ್ದೀರಿ. ಐದು ಗಂಟೆ ಅರೆದು ನಿಲ್ಲಿಸಿ. ಇಲ್ಲಿನ ಸಣ್ಣ ಉರುಳೆಯಲ್ಲಿ ನಿಮ್ಮ ಕಲ್ಲನ್ನೇ ಅರೆದು ನೋಡಿದ್ದೇನೆ. ಗೋಣಿ ಎಪ್ಪತ್ತರ ಬದಲು ಎಪ್ಪತ್ತಾರು ಹಿಡಿಯಿತು. ಉಳಿಯುವ ಡೀಸೆಲ್, ಆ ಎರಡನೆಯ ಪಂಪು ಕುಡಿಯುವುದಕ್ಕಿಂತ ಹೆಚ್ಚು.

ಅಂದರೆ ಪಂಪು ಮತ್ತೆ ಓಡಬಹುದು, ಸಂಘಕ್ಕೆ ನಷ್ಟವಿಲ್ಲ. ಮರಳಿನಲ್ಲಿ ಆಗಲೂ ಇಪ್ಪತ್ತನಾಲ್ಕು ಇರುತ್ತದೆ. ಆದರೆ ಅಕ್ಕ, ಯಂತ್ರ ತಂದರೆ ಅದರಲ್ಲೂ ಅರ್ಧವನ್ನು ಹಿಡಿಯಬಹುದು. ಹಿಡಿಯಲಾಗದು ಎಂದು ನಾನು ಸುಳ್ಳು ಬರೆಯಲಾರೆ. ಬೇಕಾದರೆ ಏಳು ತೊಟ್ಟಿಗಳನ್ನೂ ಗಿರಣಿಯ ಒಂದು ಭಾಗವೆಂದೇ ವರದಿಯಲ್ಲಿ ಸೇರಿಸಿ, ಅಮ್ಮನವರಿಗೆ ಇಷ್ಟು ಪಾಲು ಎಂದು ಗೊತ್ತುಮಾಡಿ ಬರೆಯುತ್ತೇನೆ. ಆಗ ಯಾರೂ ಮುಟ್ಟಲಾರರು. ಅವರನ್ನು ಕೇಳಿ ನೋಡಿ.

ಹರ್ಮಿನಿಯಾ


ಸಲಂಗಾನ್
೨೨ ಆಗಸ್ಟ್ ೧೯೯೨

ಹರ್ಮಿನಿಯಾ,

ಕೇಳಿದೆ. ಹಾಸಿಗೆಯ ಅಂಚಿನಲ್ಲಿ ಕೂತು ನಿಮ್ಮ ಪತ್ರವನ್ನು ಪೂರ್ತಿ ಓದಿ ಹೇಳಿದೆ. ಮರಳಿನಲ್ಲಿ ಮೂವತ್ತು ಪಾಲು ಇತ್ತು ಎಂದಾಗ ಎದ್ದು ಕೂತಳು. ಹಾಗಾದರೆ ತೆಗೆದದ್ದು ತನ್ನ ಕೈಯೇನಾ ಎಂದು ಕೇಳಿದಳು. ನಿನ್ನ ಕೈಯೇ ಎಂದೆ. "ಒಳಗಿರೋರು ಕೋಪ ಮಾಡ್ಕೊಂಡಿಲ್ವಾ?" ಇಲ್ಲ, ತಪ್ಪು ನನ್ನದು, ಗುಂಡಿಯಿಂದ ತುಂಬಿದ್ದು ನಾನು ಎಂದೆ. ಗದರುತ್ತಾಳೆ ಅಂದುಕೊಂಡಿದ್ದೆ. ನನ್ನ ತಲೆಗೂದಲನ್ನು ಕಿವಿಯ ಹಿಂದೆ ಸರಿಸಿದಳು, ಅಷ್ಟೇ.

ಪಾಲು ಗೊತ್ತುಮಾಡುವ ಮಾತಿಗೆ ಮಾತ್ರ ಒಪ್ಪಲಿಲ್ಲ. "ಇಷ್ಟು ಅಂತ ಬರೆದ್ರೆ ಅದು ಕೂಲಿ ಆಯ್ತು ಕಣೆ. ಕೂಲಿ ಕೊಡೋನು ನಾಳೆ ಬೇಡ ಅಂತಾನೂ ಹೇಳ್ತಾನೆ. ಬಿಟ್ಟಿದ್ದು ಹಂಗಲ್ಲ. ಬಿಟ್ಟೋನು ತಿರುಗಿ ನೋಡಬಾರದು, ತಗೊಂಡೋಳು ತೋರಿಸಬಾರದು."

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಸುಳ್ಳು ಬರೆಯಬೇಡಿ. ಮರಳಿನ ಅಂಕಿಯನ್ನೇ ಬರೆಯದಿರಿ. ನಿಜವನ್ನು ಸಭೆಯಲ್ಲಿ ನಾನೇ ಬಾಯಿಂದ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಹೇಳಬೇಕಾಗಿದ್ದವಳು ನಾನು.

ಪೆಲಾಗಿಯಾ


ಮನಿಲಾ
೭ ಸೆಪ್ಟೆಂಬರ್ ೧೯೯೨

ಅಕ್ಕ,

ವರದಿ ಜೊತೆಗಿದೆ. ಗೋಡೆಯ ಮೇಲಿನದನ್ನು ತೆಗೆಸಿಬಿಡಿ, ಅದು ತಪ್ಪು, ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಅರೆಯುವ ಗಂಟೆಗಳು, ಡೀಸೆಲ್, ಗುಂಡು, ಗೋಣಿ ಹಿಡಿಯುವ ಎಪ್ಪತ್ತಾರು, ಎಲ್ಲವೂ ಇವೆ. ಗಿರಣಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಗಿರಣಿಯವರ ಹಕ್ಕು. ನಿಮ್ಮದು ಹಲಗೆಯ ತುದಿಯಲ್ಲಿ ಮುಗಿಯುತ್ತದೆ ಎಂದು ಬರೆದೆ. ಅದರಾಚೆಯ ಮರಳಿನ ಎದುರು "ಅಳೆದಿಲ್ಲ" ಎಂದಿದೆ. ನೂರರಿಂದ ಎಪ್ಪತ್ತಾರು ಕಳೆಯಲು ಯಾರಿಗಾದರೂ ಬರುತ್ತದೆ, ಅದು ನನಗೂ ಗೊತ್ತು. ಆದರೂ ಇಪ್ಪತ್ತು ವರ್ಷದಲ್ಲಿ ಆ ಪದವನ್ನು ನಾನು ಬರೆದದ್ದು ಇದೇ ಮೊದಲು. ಬರೆದ ಮೇಲೆ ಕಿಟಕಿ ತೆರೆದು ಸ್ವಲ್ಪ ಹೊತ್ತು ನಿಂತಿದ್ದೆ. ಕೆಳಗೆ ರಸ್ತೆಯಲ್ಲಿ ಮಳೆನೀರು ಎಲ್ಲಿಗೋ ಹೋಗುತ್ತಿತ್ತು.

ಸಭೆ ಏನಾಯಿತು, ಬರೆಯಿರಿ.

ಹರ್ಮಿನಿಯಾ


ಸಲಂಗಾನ್
೩ ಅಕ್ಟೋಬರ್ ೧೯೯೨

ಪ್ರಿಯ ಹರ್ಮಿನಿಯಾ,

ಸಭೆ ಎರಡು ದಿನ ನಡೆಯಿತು. ಮೊದಲ ದಿನ ನಾನು ಎದ್ದು ಎಲ್ಲವನ್ನೂ ಹೇಳಿದೆ. ರೊಲಾಂಡೊ, ನಮ್ಮ ಕಲ್ಲಿನ ಚಿನ್ನದಲ್ಲಿ ಕಾಲುಭಾಗ ಹೊಳೆಗೆ ಹೋಗುತ್ತಿದೆ, ಕಾಗದದಲ್ಲಿ ಅದನ್ನು ಯಾಕೆ ಮುಚ್ಚಿದ್ದೀರಿ ಎಂದು ಕೇಳಿದ. ನ್ಯಾಯವಾದ ಪ್ರಶ್ನೆಯೇ. ಹೊಳೆಗೆ ಹೋಗಿಲ್ಲ, ಎಲ್ಲಿಗೆ ಹೋಗಿದೆ ಎಂದು ಬೇಕಾದರೆ ಒಬ್ಬೊಬ್ಬರ ಹೆಸರು ಹೇಳುತ್ತೇನೆ ಎಂದೆ. ಯಾರೂ ಬೇಕು ಎನ್ನಲಿಲ್ಲ.

ಎರಡನೆಯ ದಿನ ಸಂಜೆಯ ಹೊತ್ತಿಗೆ ಫೆರ್ಮಿನ್ ಬಾಯಿಬಿಟ್ಟರು. "ಈ ಸಭೇಲಿ ಇರೋರಲ್ಲಿ ಅರ್ಧ ಜನ ಆ ತೊಟ್ಟಿ ನೀರು ಕುಡಿದೇ ದೊಡ್ಡೋರಾಗಿದ್ದು. ನಮ್ಮವ್ವ ನನ್ನ ಬೆನ್ನಿಗೆ ಕಟ್ಕೊಂಡು ಅಲ್ಲೇ ಕೂರ್ತಿದ್ಲು. ಏಪ್ರಿಲ್‌ನಲ್ಲಿ ಕಾಗದ ನೋಡಿ ಕುಣಿದ್ನಲ್ಲ, ನನಗೇ ನೆನಪಾಗ್ಲಿಲ್ಲ." ಮತ್ತೆ ಅಳಿಯನ ಕಡೆ ತಿರುಗಿ, "ಯಂತ್ರ ತಗೊಂಬಾ. ನಿನ್ನ ಅತ್ತೆ ನಾಳೆ ಒಬ್ಬಳೇ ಆದ್ರೆ ಅದರ ಮುಂದೆ ಕೂರಿಸು" ಎಂದರು. ರೊಲಾಂಡೊನ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಮಾತು ಅಲ್ಲಿಗೆ ಮುಗಿಯಿತು. ಅವನಿಗೆ ಇನ್ನೂ ಒಳಗೊಳಗೆ ಬೇಸರವಿದೆ, ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ.

ಉರುಳೆ ಈಗ ಐದು ಗಂಟೆ ಅರೆದು ನಿಲ್ಲುತ್ತದೆ. ಮಧ್ಯಾಹ್ನದ ಮೇಲೆ ಊರಿನಲ್ಲಿ ಎಷ್ಟು ಮೌನವೆಂದರೆ ಪೈನ್ ಮರಗಳು ಮಾತಾಡುವುದು ಕೇಳಿಸುತ್ತದೆ. ಕೊಳವೆ ಬಿಚ್ಚಿಸಿದೆವು. ಪಂಪು ಹಾಕಿದ ದಿನ ನಾಲ್ಕು ಜನ ಬಂದರು. ಸಬೀನಾ ಬರಲಿಲ್ಲ. ಎರಡು ಸಲ ಹೇಳಿ ಕಳಿಸಿದೆ. ಆ ಮನೆಯವರು ಅವಳಿಗೆ ಮಲಗಲು ಮಂಚ ಕೊಟ್ಟಿದ್ದಾರಂತೆ, ಈಗ ಬೆಟ್ಟ ಹತ್ತಲಾರೆ ಎಂದಳಂತೆ. ಇನ್ನೊಬ್ಬಳು ಜ್ವರದಲ್ಲಿದ್ದಾಳೆ.

ಅಮ್ಮ ಮೂರನೆಯ ದಿನ ಬಂದಳು. ನಾನು ಕೈ ಹಿಡಿಯಲು ಹೋದರೆ ಬಿಡಿಸಿಕೊಂಡಳು. ಮರಳು ಮೊದಲಿಗಿಂತ ದಪ್ಪವಾಗಿದೆ, ಎಸಳು ಕಮ್ಮಿ, ಕಾಳು ಹೆಚ್ಚು, ಮನಿಲಾದವಳು ಕೆಟ್ಟವಳಲ್ಲ ಎಂದಳು. ಮಂಜು ಇಳಿಯಿತು. ಐದು ಬೆನ್ನುಗಳಷ್ಟೇ ಉಳಿದವು. ನಾನು ಮೇಲೆ ಗಿರಣಿಯ ಕಟ್ಟೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ.

ಸಂಜೆ ಅಮ್ಮ ಮುಷ್ಟಿ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದಳು. ಫೆರ್ಮಿನ್ ಎದುರಿಗೆ ಸಿಕ್ಕರು. ಎಷ್ಟೋ ತಿಂಗಳ ಮೇಲೆ ನೋಡಿದ ಸಂತೋಷಕ್ಕೆ ಅವರ ಬಾಯಿ ಜಾರಿತು. "ಎಷ್ಟು ಸಿಕ್ತು ಅವ್ವಾ?"

ಅಮ್ಮ ನಿಂತು ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಅನ್ನಕ್ಕಾಯ್ತು" ಎಂದು ದಾಟಿ ಹೋದಳು.

ಫೆರ್ಮಿನ್ ನಾಲಿಗೆ ಕಚ್ಚಿಕೊಂಡರು. ನಾನು ಪುಸ್ತಕ ಮುಚ್ಚಿ ಅವಳ ಹಿಂದೆ ಅಂಗಡಿಯವರೆಗೂ ನಡೆದೆ, ಹತ್ತು ಹೆಜ್ಜೆ ದೂರ ಬಿಟ್ಟುಕೊಂಡು.

ನಿಮ್ಮ ಅಕ್ಕ,
ಪೆಲಾಗಿಯಾ